ಮುದ್ದೆ ಉಳೀತು, ಸಾರು ತೆಳ್ಳಗಾಯ್ತು

ಮೊನ್ನೆ ಗೌನಿಪಲ್ಲಿ ಕಡೆಯ ಒಬ್ಬ ಅಣ್ಣ ಫೋನ್ ಮಾಡಿದ್ರು. "ನಿಮಗೂ ಶುಗರ್ ಅಂತೆ. ಮೂರು ಹೊತ್ತೂ ಮುದ್ದೆ ಉಂಡ್ರೆ ಹೋಗಿಬಿಡುತ್ತೆ ಅಂತಾರೆ, ನಿಜಾನಾ?" ಅಂತ ಕೇಳಿದ್ರು. ಫೋನಲ್ಲಿ ಹೇಳಿ ಮುಗಿಸೋ ಮಾತಲ್ಲ ಅಂತ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ನಾನೂ ಹಾಗೇ ಅಂದ್ಕೊಂಡಿದ್ದೆ. ಅನ್ನ ಕಮ್ಮಿ ಮಾಡಿ ಅಂದ ತಕ್ಷಣ ಅನ್ನ ಪೂರ್ತಿ ಬಿಟ್ಟು, ಬೆಳಗ್ಗೆ ಮಧ್ಯಾಹ್ನ ರಾತ್ರಿ ಮುದ್ದೆಗೆ ಕೂತೆ. ಮೂರು ತಿಂಗಳ ಸಕ್ಕರೆ ತೋರಿಸೋ ಪರೀಕ್ಷೇಲಿ 8.2 ಇತ್ತು. ಮೂರು ತಿಂಗಳು ಕಳೆದ ಮೇಲೆ 8.1. ಡಾಕ್ಟ್ರು ಬೈಲಿಲ್ಲ. "ಮುದ್ದೆ ಎಷ್ಟು ದಪ್ಪ? ಜೊತೆಗೆ ಏನು ಹಾಕ್ಕೊಂತೀರಿ?" ಅಂತ ಎರಡೇ ಪ್ರಶ್ನೆ ಕೇಳಿದ್ರು. ದಪ್ಪ ಎಷ್ಟು ಅಂದ್ರೆ ನಮ್ಮಪ್ಪ ಮಡಕೆ ಹೊಡೆದು ಬಂದು ಉಣ್ತಿದ್ದಷ್ಟೇ. ಜೊತೆಗೆ ಟೊಮೆಟೊ ಸಾರು. ನಮ್ಮ ಮನೇಲಿ ಟೊಮೆಟೊ ಸಾರು ಬಿಟ್ರೆ ಬೇರೆ ಸಾರು ವಾರಕ್ಕೆ ಎರಡು ಸಲ ಆದ್ರೆ ಹೆಚ್ಚು.

ಆ ಎರಡನೇ ಪ್ರಶ್ನೆ ತಲೇಲಿ ಕೂತ್ಕೊಂತು. ನಮ್ಮಜ್ಜಿ ಕಾಲದಲ್ಲಿ ಮುದ್ದೆ ಪಕ್ಕದಲ್ಲಿ ಏನಿರ್ತಿತ್ತು, ಅದು ಎಲ್ಲಿಂದ ಬರ್ತಿತ್ತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋದೆ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಕಂಪನಿ ಸರ್ಕಾರದ ಕಡೆಯಿಂದ ಮೈಸೂರು ಸೀಮೆ ಸುತ್ತಿದ. ಕೋಲಾರದ ಕಡೆಗೂ ಬಂದಿದ್ದ. ಅವನು ಬರೆದದ್ದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಖುಷ್ಕಿ ಬೆಳೆಗಳಲ್ಲಿ ರಾಗಿಯೇ ಮುಖ್ಯ ಅಂತ ಬರೆದವನು, ಅದನ್ನ ಬಿತ್ತೋ ರೀತೀನೂ ವಿವರವಾಗಿ ಬರೆದಿದ್ದಾನೆ. ಕೂರಿಗೇಲಿ ರಾಗಿ ಸಾಲು, ನಡುನಡುವೆ ಬೇರೆ ಬಿದಿರ ಕೊಳವೇಲಿ ಅವರೆ ಇಲ್ಲಾ ತೊಗರಿ. ಓದಿದಾಗ ನನಗೆ ನಮ್ಮಜ್ಜಿ ಸಡ್ಡೆ ಹಿಡಿದು ಕೂರಿಗೆ ಹಿಂದೆ ನಡೀತಿದ್ದದ್ದೇ ಕಣ್ಣಿಗೆ ಬಂತು. ಮಡಿಲಲ್ಲಿ ಅವರೆಬೀಜ, ಬಲಗೈಯಿಂದ ಒಂದೊಂದೇ ಕೊಳವೆಗೆ ಬಿಡೋರು. ಅಕ್ಕಡಿ ಸಾಲು ಅಂತ ನಾವು ಕರೀತಿದ್ದದ್ದು ಇದನ್ನೇ. ಇನ್ನೂರು ವರ್ಷದ ಹಿಂದೇನೂ ಹಾಗೇ ಇತ್ತು, ನನ್ನ ಹುಡುಗತನದಲ್ಲೂ ಹಾಗೇ ಇತ್ತು.

ಈಗಿನ ಹುಡುಗರಿಗೆ ಅಕ್ಕಡಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕು. ಒಂದು ಎಕರೆ ರಾಗಿ ಹೊಲ ಅಂದ್ರೆ ಅದರಲ್ಲಿ ಅವರೆ, ತೊಗರಿ, ಅಲಸಂದೆ, ಬದಿಗೆ ಹುಚ್ಚೆಳ್ಳು, ಒಂದಿಷ್ಟು ಜೋಳ ಎಲ್ಲಾ ಇರ್ತಿತ್ತು. ಕಾರ್ತಿಕದ ಹೊತ್ತಿಗೆ ರಾಗಿ ಕೊಯ್ದ ಮೇಲೆ ಬಿಸಿಲು ಸಿಕ್ಕಿ ಅವರೆ ಕೂಳೆ ಮೇಲೆಲ್ಲಾ ಹರಡ್ಕೊಂಡು, ಮಾಗಿ ಚಳಿ ಇಬ್ಬನಿಗೆ ಹೂ ಕಟ್ಟೋದು. ಆ ಸೊಗಡು ಹತ್ತಿದ ಕಾಯಿ ಸಂಕ್ರಾಂತಿವರೆಗೂ ಸಾರಿಗಾಯ್ತು. ಹಿಂದೆ ತೊಗರಿ. ಹುಚ್ಚೆಳ್ಳು ಚಟ್ನಿಪುಡಿಗೆ. ಇನ್ನು ರಾಗಿ ಕಳೆ ಕೀಳೋ ಹೆಣ್ಣುಮಕ್ಕಳು ಸಂಜೆ ಬರಿಗೈಲಿ ಬರ್ತಿರಲಿಲ್ಲ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಿರಕಸಾಲೆ ಎಲ್ಲಾ ಸೇರಿದ ಬೆರಕೆ ಸೊಪ್ಪು ಸೆರಗಲ್ಲಿರೋದು, ರಾತ್ರಿ ಮಸ್ಸೊಪ್ಪು. ಅಂದ್ರೆ ಮುದ್ದೇನೂ ಅದರ ಸಾರೂ ಒಂದೇ ಹೊಲದಲ್ಲಿ ಬೆಳೀತಿದ್ವು. ಒಳ್ಳೇದು ತಿನ್ನಬೇಕು ಅಂತ ಯಾರೂ ಕೂತು ಯೋಚನೆ ಮಾಡ್ತಿರಲಿಲ್ಲ, ಹೊಲ ಕೊಟ್ಟದ್ದನ್ನ ಬೇಯಿಸೋರು.

ಹಾಗಂತ ಆ ಕಾಲ ಚಿನ್ನದ ಕಾಲ ಅಂತ ನಾನು ಹೇಳಲ್ಲ. 1876ರಿಂದ 78ರ ಬರದಲ್ಲಿ ಕೋಲಾರ ಸೀಮೆ ನರಳಿದ್ದು ಅಷ್ಟಿಷ್ಟಲ್ಲ. 1871ರ ಜನಗಣತೀಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷದ 55 ಸಾವಿರ ಜನ ಇದ್ರು, 1881ಕ್ಕೆ 41 ಲಕ್ಷದ 86 ಸಾವಿರ. ಹಗೇವಲ್ಲಿ ರಾಗಿ ಇದ್ದೋರು ಉಳಿದ್ರು, ಇಲ್ಲದೋರು ಊರು ಬಿಟ್ರು, ಇಲ್ಲಾ ಸತ್ರು. ರಾಗಿಗೆ ಹುಳ ಬೇಗ ಹತ್ತಲ್ಲ, ವರ್ಷಗಟ್ಟಲೆ ಇಡಬಹುದು. ನಮಗೆ ಮುದ್ದೆ ಕಂಡ್ರೆ ಮನಸ್ಸಿಗೆ ಒಂಥರಾ ಸಮಾಧಾನ ಆಗುತ್ತಲ್ಲ, ಅದು ಬರೀ ರುಚಿಯಿಂದ ಬಂದದ್ದಲ್ಲ ಅನ್ಸುತ್ತೆ.

ಕನಕದಾಸರ ರಾಮಧಾನ್ಯ ಚರಿತೆ ಗೊತ್ತಲ್ಲ. ರಾಗಿಗೂ ಭತ್ತಕ್ಕೂ ಯಾರು ಹೆಚ್ಚು ಅಂತ ಜಗಳ, ರಾಮ ಎರಡನ್ನೂ ಆರು ತಿಂಗಳು ಸೆರೇಲಿಟ್ಟು, ಕೊನೆಗೆ ಕೆಡದೆ ಉಳಿದ ರಾಗಿ ಗೆಲ್ಲುತ್ತೆ. ಕಾವ್ಯದಲ್ಲಿ ಗೆದ್ದರೂ ಮನೇಲಿ ಗೆಲ್ಲಲಿಲ್ಲ. ನೆಂಟರು ಬಂದ್ರೆ ಅನ್ನ, ಮನೆಯೋರಿಗೆ ಮುದ್ದೆ. ನಮ್ಮ ಗಡಿ ಕಡೆ ಸಂಗಟಿಗೆ ಅಕ್ಕಿ ನುಚ್ಚು ಹಾಕ್ತೀವಲ್ಲ, ನಮ್ಮಜ್ಜಿ ಅದನ್ನ ಹಿಡಿ ಲೆಕ್ಕದಲ್ಲಿ ಹಾಕೋರು, ಅಕ್ಕಿ ಅಷ್ಟು ದುಬಾರಿ. ಈಗ ಎಷ್ಟೋ ಮನೇಲಿ ಅರ್ಧಕ್ಕರ್ಧ. ಕಂದುಬಣ್ಣ ಇದೆ ಅಂತ ಅದನ್ನ ರಾಗಿ ಅಂತಲೇ ಲೆಕ್ಕ ಹಾಕ್ಕೊಂತೀವಿ.

ಹೊಲ ಬದಲಾದದ್ದು ಒಂದೇ ಸಲಕ್ಕಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಬಂದಾಗ ನಮ್ಮ ಜಿಲ್ಲೇಲಿ ಎಷ್ಟೋ ರಾಗಿ ಹೊಲ ನೀಲಗಿರಿ ತೋಪಾಯ್ತು. ಹೊಸದಾಗಿ ನೀಲಗಿರಿ ಹಾಕಬಾರದು ಅಂತ ಸರ್ಕಾರ ಹೇಳೋ ಹೊತ್ತಿಗೆ 2017 ಆಗಿತ್ತು. ಉಳಿದ ನೆಲಕ್ಕೆ ಮಾವು, ಬೋರ್ ಇದ್ದ ಕಡೆ ಟೊಮೆಟೊ. ಇದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ. ಮದನಪಲ್ಲಿ ಮಾರ್ಕೆಟ್ಟಿಗೆ ಟೊಮೆಟೊ ಹಾಕದೇ ಇದ್ದಿದ್ರೆ ನನ್ನ ಮಗಳ ಓದು ನಡೀತಿರಲಿಲ್ಲ.

ರಾಗಿಯೇನೂ ಸೋಲಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನೋರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ರು. ನಮ್ಮಪ್ಪ ಮೊದಲ ಸಲ ಇಂಡಾಫ್ ತೆನೆ ನೋಡಿ ಊರೋರನ್ನೆಲ್ಲ ಹೊಲಕ್ಕೆ ಕರೆದಿದ್ರಂತೆ. ಆಮೇಲೆ ಬೆಂಕಿರೋಗ ತಡೆಯೋ ಜಿಪಿಯು-28 ಬಂತು, ಅದರ ವಂಶದಲ್ಲೂ ಇಂಡಾಫ್ ಇದೆ. ತೆನೆ ದೊಡ್ಡದಾಯ್ತು. ಆದ್ರೆ ಎಕರೆಗೆ ಎಷ್ಟು ಚೀಲ ಅಂತ ಎಣಿಸೋವಾಗ ನಾವು ರಾಗಿ ಒಂದನ್ನೇ ಎಣಿಸಿದ್ವಿ. ಅವರೆ, ಹುಚ್ಚೆಳ್ಳು, ಸೆರಗಿನ ಸೊಪ್ಪು ಯಾವ ಲೆಕ್ಕದಲ್ಲೂ ಬರಲಿಲ್ಲ.

ಅಕ್ಕಡಿಗೆ ಕೊನೇ ಪೆಟ್ಟು ಕೊಟ್ಟದ್ದು ಆಳಿನ ಕೊರತೆ. ಟ್ರ್ಯಾಕ್ಟರಲ್ಲಿ ರಾಗಿ ಚೆಲ್ಲಿ ಬಿಡೋದು, ಕಳೆಗೆ ಟೂ-ಫೋರ್-ಡಿ ಹೊಡೆಯೋದು, ಕೊಯ್ಯೋಕೆ ಮಿಷನ್. ಟೂ-ಫೋರ್-ಡಿ ಹುಲ್ಲಿನ ಜಾತಿಯ ರಾಗೀನ ಬಿಟ್ಟು ಅಗಲ ಎಲೆಯದನ್ನೆಲ್ಲ ಸುಡುತ್ತೆ. ಅವರೆ, ತೊಗರಿ, ಅಲಸಂದೆಗೆ ಇರೋದು ಅಗಲ ಎಲೆ. ಅಣ್ಣೆ ಸೊಪ್ಪಿಗೂ ಅದೇ. ಬರೀ ಕಳೆ ಸತ್ತವು ಅಂದ್ಕೊಂಡ್ವಿ, ಸತ್ತದ್ದು ಸಾರು.

ಆಮೇಲೆ 2013ರ ಜುಲೈಲಿ ಅನ್ನಭಾಗ್ಯ ಬಂತು, ಮೂರು ಜನರ ಮೇಲಿದ್ದ ಕಾರ್ಡಿಗೆ ಕೆಜಿಗೆ 1 ರೂಪಾಯಿಯಂತೆ 30 ಕೆಜಿ ಅಕ್ಕಿ. ಹಸಿದೋರಿಗೆ ಅದು ದೊಡ್ಡದು, ಅದನ್ನ ಹಗುರವಾಗಿ ಮಾತಾಡೋ ಬಾಯಿ ನಂದಲ್ಲ. ಇನ್ನೊಂದು ಕಡೆ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 1,900 ಇದ್ದದ್ದು 2018ಕ್ಕೆ 2,897 ಆಯ್ತು, 2025ಕ್ಕೆ 4,886. ಲೆಕ್ಕ ಸುಲಭ. ರಾಗಿ ಖರೀದಿ ಕೇಂದ್ರಕ್ಕೆ, ಅಕ್ಕಿ ಮನೆಗೆ. ನಾನೂ ಮಾಡಿದೀನಿ.

ಈಗ ಆ ಅಣ್ಣ ಕೇಳಿದ್ದಕ್ಕೆ ಬರ್ತೀನಿ. ರಾಗಿ ಒಳ್ಳೇದು ಅನ್ನೋದರಲ್ಲಿ ಅನುಮಾನ ಇಲ್ಲ. 100 ಗ್ರಾಂ ರಾಗೀಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದ ಅಂಶ ಇದೆ, ಅಕ್ಕೀಲಿ 10ರ ಹತ್ತಿರ. ನಾರು 11 ಗ್ರಾಂ, ಪಾಲಿಶ್ ಅಕ್ಕೀಲಿ 3ಕ್ಕಿಂತ ಕಮ್ಮಿ. ಆದ್ರೆ ಅದೇ 100 ಗ್ರಾಂ ರಾಗೀಲಿ ಸುಮಾರು 70 ಗ್ರಾಂ ಪಿಷ್ಟಾನೂ ಇದೆ. ಹೊಟ್ಟೇಲಿ ಅದು ಸಕ್ಕರೆಯೇ ಆಗೋದು. ನಾರೂ ಸುಣ್ಣಾನೂ ಹೆಚ್ಚಾಗಿ ಸಿಪ್ಪೇಲಿರೋದು. ಮಿಷನ್ನಲ್ಲಿ ನುಣ್ಣಗೆ ಬೀಸಿ, ಸಣ್ಣ ಜರಡೀಲಿ ಜಾಲಿಸಿ, ತೌಡು ಹಸುಗೆ ಹಾಕ್ತೀವಿ. ಹಸು ಚೆನ್ನಾಗಿದೆ! ಅವರೇಲಿ ಪ್ರೋಟೀನು ರಾಗಿಯ ಎರಡು ಪಟ್ಟಿಗೂ ಮೇಲೆ. ಆ ಕಾಳು, ಸೊಪ್ಪು ಜೊತೇಲಿದ್ರೆ ಸಕ್ಕರೆ ನಿಧಾನಕ್ಕೆ ಏರುತ್ತೆ. ಬರೀ ಮುದ್ದೆ ಟೊಮೆಟೊ ನೀರು ಅಂದ್ರೆ ತಡೆಯೋರು ಯಾರು?

ಇನ್ನೊಂದು, ನಾವು ಉಣ್ಣೋ ರೀತಿ. ಮುದ್ದೆ ಅಗಿಯೋದಲ್ಲ ನುಂಗೋದು ಅಂತ ಹೆಮ್ಮೆಯಿಂದ ಹೇಳ್ತೀವಿ. ನಮ್ಮಪ್ಪನೂ ನುಂಗ್ತಿದ್ರು. ಆದ್ರೆ ಬಿಸಿ ಮುದ್ದೆ ಬೆರಳಿಗೆ ಸುಡೋದರಿಂದ ಚೂರು ಚೂರೇ ಮುರಿದು, ಸಾರಲ್ಲಿ ಹೊರಳಿಸಿ, ನಡುವೆ ಕಾಳು ಅಗಿದು, ನಿಧಾನಕ್ಕೆ ಉಣ್ಣೋರು. ಉಳಿದ ಮುದ್ದೆ ರಾತ್ರಿ ಮಜ್ಜಿಗೇಲಿ ಹಿಸುಕಿಟ್ಟು ಬೆಳಗ್ಗೆ ಕುಡಿಯೋರು. ನಾನು ಎಡಗೈಲಿ ಫೋನ್ ಹಿಡಿದು ಟೊಮೆಟೊ ರೇಟ್ ನೋಡ್ತಾ ಐದು ನಿಮಿಷಕ್ಕೆ ಮುಗಿಸ್ತಿದ್ದೆ. ತಟ್ಟೆ ಖಾಲಿ ಆದದ್ದು ಗೊತ್ತಾಗದೆ ಇನ್ನರ್ಧ ಹಾಕಿಸ್ಕೊಂಡದ್ದೂ ಉಂಟು. ಅವರು ದಿನವೆಲ್ಲ ಮಡಕೆ ಹಿಂದೆ ನಡೆದೋರು, ನಾನು ಡ್ರಿಪ್ಪಿನ ಗೇಟ್‌ವಾಲ್ ತಿರುಗಿಸೋನು. ಮುದ್ದೆ ಮಾತ್ರ ಅದೇ ಸೈಜು.

ಹೋದ ಮುಂಗಾರಲ್ಲಿ ಅರ್ಧ ಎಕರೆಗೆ ಮತ್ತೆ ಅಕ್ಕಡಿ ಹಾಕಿದೆ, ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಬದಿಗೆ ಹುಚ್ಚೆಳ್ಳು. ಔಷಧಿ ಹೊಡೀಲಿಲ್ಲ, ಎರಡು ಸಲ ಕಳೆ ತೆಗೆಸಿದೆ. ಕೂಲಿ ಲೆಕ್ಕ ಹಾಕಿದ್ರೆ ಲಾಭ ಇಲ್ಲ, ಸುಳ್ಳು ಹೇಳಲ್ಲ. ರಾಗೀನೂ ಒಂದು ಚೀಲ ಕಮ್ಮಿ. ಆದ್ರೆ ಪುಷ್ಯದವರೆಗೆ ಕಾಳು ಕೊಂಡಿಲ್ಲ. ಹಿಟ್ಟು ಜಾಲಿಸೋದು ಬಿಟ್ವಿ. ಮೊದಮೊದಲು ಮುದ್ದೆ ಒರಟು ಅಂತ ಮನೇಲಿ ಗೊಣಗಿದ್ರು, ಈಗ ಒಗ್ಗಿದೆ. ಸಂಗಟಿಗೆ ಅಕ್ಕಿ ಒಂದು ಹಿಡಿ. ಮೊದಲು ಸೊಪ್ಪು ಕಾಳು, ಆಮೇಲೆ ಮುದ್ದೆ, ಅದೂ ಮೊದಲಿನ ಅರ್ಧ. ಫೋನು ಅಟ್ಟದ ಮೇಲೆ. ಕಳೆದ ಪರೀಕ್ಷೇಲಿ 7.3 ಬಂತು. ಮಾತ್ರೆ ಬಿಟ್ಟಿಲ್ಲ, ನೀವೂ ಡಾಕ್ಟ್ರನ್ನ ಕೇಳದೆ ಬಿಡಬೇಡಿ.

ನಮ್ಮ ಮನೆ ಸಡ್ಡೆ ಗೆದ್ದಲು ತಿಂದಿತ್ತು, ಈ ಸಲ ಪಿವಿಸಿ ಪೈಪಲ್ಲಿ ಕೆಲಸ ತೆಗೆದೆ, ಬೀಜ ಒಂದೇ ಕಡೆ ಗುಂಪಾಗಿ ಬಿತ್ತು. ಯಾರ ಅಟ್ಟದಲ್ಲಾದ್ರೂ ಹಳೇ ಬಿದಿರ ಸಡ್ಡೆ ಇದ್ರೆ ಹೇಳಿ, ಅಳತೆ ತಗೊಂಡು ವಾಪಸ್ ಕೊಡ್ತೀನಿ. ಸೊಗಡಿನ ನಾಟಿ ಅವರೆಬೀಜ ಇದ್ದೋರೂ ತಿಳಿಸಿ. ನನ್ನ ಹತ್ರ ಹುಚ್ಚೆಳ್ಳು ಬೀಜ ಎರಡು ಸೇರು ಮಿಕ್ಕಿದೆ, ಬದಲಿಗೆ ಕೊಡೋಣ.