ವಿಮಾನದ ಆಸನವೂ ಅಗ್ನಿಪರೀಕ್ಷೆಯೂ

೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಹಾರಿಸಿ ತಂದು ಜುಹೂ ಬಯಲಿನಲ್ಲಿಳಿಸಿದ ಪುಸ್ ಮಾತ್ ವಿಮಾನದಲ್ಲಿ ಇದ್ದುದು ಟಪಾಲಿನ ಹೊರೆ. ಪ್ರಯಾಣಿಕರಿಗಾಗಿ ಸಾಲುಸಾಲಾಗಿ ಮೆತ್ತೆಯ ಆಸನಗಳು ಬಂದುದು ಅನಂತರದ ಮಾತು. ಆ ಮೆತ್ತೆಯೇ ವಿಮಾನದೊಳಗಿನ ಅಪಾಯಕರ ಇಂಧನವಾಯಿತೆಂಬುದೂ, ಅದನ್ನು ಪರೀಕ್ಷಿಸಲು ತಕ್ಕ ಜ್ವಾಲೆಯೊಂದನ್ನು ರೂಪಿಸುವುದೇ ಕಷ್ಟದ ಕಾರ್ಯವಾಯಿತೆಂಬುದೂ ವಿಮಾನಯಾನದ ಚರಿತ್ರೆಯಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಅಧ್ಯಾಯ. ಮುಂಬಯಿಗೂ ಊರಿಗೂ ನಡುವೆ ಓಡಾಡುವ ನಮಗೆ ಅದು ದೂರದ ವಿಷಯವಲ್ಲ.

ಮೊದಲು ಒಂದು ಭೇದವನ್ನು ಗುರುತಿಸಬೇಕು. ೧೯೭೬ರ ಅಕ್ಟೋಬರ್ ೧೨ರಂದು ಸಾಂತಾಕ್ರೂಜ್‌ನಿಂದ ಮದರಾಸಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ಕ್ಯಾರವೆಲ್ ವಿಮಾನದ ಎಂಜಿನ್ನು ಒಡೆದು ಬೆಂಕಿ ಹೊತ್ತಿತು. ಹಿಂದಿರುಗಿ ಇಳಿಯುವ ಯತ್ನದಲ್ಲಿ ವಿಮಾನ ಬಿದ್ದು ಅದರಲ್ಲಿದ್ದ ೯೫ ಮಂದಿಯೂ ಮಡಿದರು. ಅಲ್ಲಿ ಬೆಂಕಿಯೇ ವಿಮಾನವನ್ನು ಕೆಡವಿತು. ಆಸನದ ಬಟ್ಟೆ ಎಂಥದಾಗಿದ್ದರೂ ಫಲ ಬೇರೆಯಾಗುತ್ತಿರಲಿಲ್ಲ. ೧೯೯೦ರ ಫೆಬ್ರವರಿ ೧೪ರಂದು ಮುಂಬಯಿಯಿಂದ ಬೆಂಗಳೂರಿಗೆ ಹೋದ ಏರ್‌ಬಸ್ ಎ-೩೨೦ ಓಡುದಾರಿಗಿಂತ ಮುನ್ನವೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು ಉರಿಯಿತು. ಅದರಲ್ಲಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ತೀರಿಕೊಂಡರು, ೫೪ ಮಂದಿ ಬದುಕಿದರು. ೨೦೧೦ರ ಮೇ ೨೨ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಓಡುದಾರಿಯನ್ನು ಮೀರಿ ಕಣಿವೆಗುರುಳಿ ಉರಿದಾಗ ೧೬೬ ಮಂದಿಯಲ್ಲಿ ಉಳಿದವರು ಕೇವಲ ಎಂಟು ಮಂದಿ. ಬಿದ್ದ ಆಘಾತವನ್ನು ತಾಳಿಕೊಂಡವನಿಗೆ ಉರಿ ಆವರಿಸುವ ಮುನ್ನ ಹೊರಬೀಳಲು ಎಷ್ಟು ಸೆಕೆಂಡು ದೊರೆಯುತ್ತದೆ? ಮೆತ್ತೆಯ ಪ್ರಶ್ನೆ ಹುಟ್ಟುವುದು ಇಲ್ಲಿ.

ಆಸನಗಳಿಗೆ ಬಳಕೆಗೆ ಬಂದ ಪಾಲಿಯುರೆಥೇನ್ ನೊರೆಪದಾರ್ಥ ಹಗುರವಾದುದು, ಮೃದುವಾದುದು. ಆದರೆ ಹೊತ್ತಿದರೆ ರಭಸದಿಂದ ಉರಿದು ವಿಷಾನಿಲಗಳನ್ನು ಕಾರುವಂಥದು. ೧೯೭೨ರ ಅಮೆರಿಕದ ನಿಯಮದಂತೆ ಮೆತ್ತೆಯ ತುಣುಕನ್ನು ನೆಟ್ಟಗೆ ತೂಗುಹಾಕಿ ಬುನ್ಸೆನ್ ದೀಪದ ಜ್ವಾಲೆಯನ್ನು ೧೨ ಸೆಕೆಂಡು ಹಿಡಿಯುತ್ತಿದ್ದರು. ದೀಪ ತೆಗೆದ ಮೇಲೆ ೧೫ ಸೆಕೆಂಡಿನೊಳಗೆ ಉರಿ ಆರಿ, ಸುಟ್ಟ ಉದ್ದ ೮ ಅಂಗುಲ ಮೀರದಿದ್ದರೆ ಅದು ಉತ್ತೀರ್ಣ. ಬೀಳುವ ಬೆಂಕಿಕಡ್ಡಿಯ ವಿಷಯದಲ್ಲಿ ಇದು ಸಾಕಾಗಬಹುದು. ಒಡೆದ ಟ್ಯಾಂಕಿನಿಂದ ಹರಿದ ಇಂಧನದ ಮಹಾಜ್ವಾಲೆಗೂ ಈ ಪುಟ್ಟ ದೀಪಕ್ಕೂ ಯಾವ ಸಾಮ್ಯವೂ ಇರಲಿಲ್ಲ.

ಈ ಅಂತರವನ್ನು ತುಂಬಲು ಅಟ್ಲಾಂಟಿಕ್ ಸಿಟಿಯಲ್ಲಿರುವ ಅಮೆರಿಕದ ವಿಮಾನಯಾನ ಆಡಳಿತದ ಪ್ರಯೋಗಕೇಂದ್ರದವರು ಆರಿಸಿಕೊಂಡ ಸಾಧನ ಕುತೂಹಲಕರವಾದುದು: ಶೀತದೇಶಗಳಲ್ಲಿ ಮನೆ ಬೆಚ್ಚಗಿಡುವ ಕುಲುಮೆಯ ಎಣ್ಣೆಬರ್ನರು. ನಮ್ಮ ಚಾಳುಗಳ ಪಂಪುಒಲೆ ಸೀಮೆಎಣ್ಣೆಯನ್ನು ಕಾಯಿಸಿ ಆವಿಯಾಗಿಸಿ ಉರಿಸುತ್ತಿತ್ತು. ಇದಾದರೋ ಎಣ್ಣೆಯನ್ನು ಸೂಕ್ಷ್ಮರಂಧ್ರದ ಮೂಲಕ ತುಂತುರಾಗಿ ಚಿಮ್ಮಿಸಿ, ಬೀಸಣಿಗೆಯ ಗಾಳಿಯೊಡನೆ ಬೆರೆಸಿ ಉರಿಸುತ್ತದೆ. ಅದರ ಮುಂದೆ ೬ ಅಂಗುಲ ಎತ್ತರ, ೧೧ ಅಂಗುಲ ಅಗಲದ ಬಾಯುಳ್ಳ ಲೋಹದ ಕೊಳವೆಯನ್ನು ಜೋಡಿಸಿದರು. ಗಂಟೆಗೆ ೨ ಗ್ಯಾಲನ್ ಎಣ್ಣೆ ಕುಡಿದು, ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್‌ನ ಉರಿಯನ್ನು ಅದು ಹೊರಚೆಲ್ಲುತ್ತದೆ.

೧೯೮೩ರ ಜೂನ್ ೨ರಂದು ಏರ್ ಕೆನಡಾ ಸಂಸ್ಥೆಯ ಡಿಸಿ-೯ ವಿಮಾನ ಒಳಗೆ ಬೆಂಕಿ ಹತ್ತಿ ಸಿನ್ಸಿನಾಟಿಯಲ್ಲಿ ಸುರಕ್ಷಿತವಾಗಿಯೇ ಇಳಿಯಿತು. ಬಾಗಿಲು ತೆರೆದ ಮೇಲೆ ಸುಮಾರು ಒಂದೂವರೆ ನಿಮಿಷದೊಳಗೆ ಒಳಭಾಗವೆಲ್ಲ ಒಮ್ಮೆಲೇ ಭುಗಿಲೆದ್ದು, ೪೬ ಮಂದಿಯಲ್ಲಿ ೨೩ ಮಂದಿ ಅಳಿದರು. ಮೊದಲೇ ನಡೆಯುತ್ತಿದ್ದ ಸಂಶೋಧನೆಗೆ ಈ ದುರಂತ ತ್ವರೆಯನ್ನು ತಂದಿತು. ೧೯೮೪ರ ನಿಯಮದ ಪ್ರಕಾರ, ಆಸನದ ತಳವನ್ನೂ ಬೆನ್ನನ್ನೂ ಜೋಡಿಸಿ, ನಾಲ್ಕು ಅಂಗುಲ ದೂರದಿಂದ ಎರಡು ನಿಮಿಷ ಜ್ವಾಲೆಗೊಡ್ಡಬೇಕು. ತೂಕದ ನಷ್ಟ ಸರಾಸರಿ ನೂರಕ್ಕೆ ಹತ್ತನ್ನು ಮೀರಬಾರದು. ಹಳೆಯ ಆಸನಗಳನ್ನು ಬದಲಾಯಿಸಲು ಮೂರು ವರ್ಷಗಳ ಅವಧಿಯನ್ನಿತ್ತರು. ನೊರೆಯ ಸುತ್ತ ಬೆಂಕಿತಡೆಯ ಪದರವನ್ನು ಹೊದಿಸುವುದು ಆಗ ರೂಢಿಗೆ ಬಂತು. ಇದರಿಂದ ಪಾರಾಗಲು ೪೦ರಿಂದ ೬೦ ಸೆಕೆಂಡು ಹೆಚ್ಚು ದೊರೆಯಬಹುದೆಂದು ಪ್ರಯೋಗಕಾರರು ಗಣಿಸಿದರು. ದೊಡ್ಡ ವಿಮಾನವನ್ನು ತೊಂಬತ್ತು ಸೆಕೆಂಡಿನಲ್ಲಿ ತೆರವುಗೊಳಿಸಿ ತೋರಿಸಬೇಕೆಂಬ ನಿಯಮದ ಪಕ್ಕದಲ್ಲಿಟ್ಟು ನೋಡಿದರೆ ಈ ಗಳಿಕೆಯ ಬೆಲೆ ತಿಳಿಯುತ್ತದೆ.

ಆದರೆ ಅಳತೆಗೋಲೇ ಸ್ಥಿರವಾಗಿರದಿದ್ದರೆ? ಬೀಸಣಿಗೆಯ ಗಾಳಿ ಮೋಟಾರಿನ ವೇಗವನ್ನೂ, ಕೋಣೆಯ ಹವೆಯನ್ನೂ ಅವಲಂಬಿಸಿತ್ತು. ಒಂದು ಪ್ರಯೋಗಶಾಲೆಯಲ್ಲಿ ಗೆದ್ದ ಮೆತ್ತೆ ಇನ್ನೊಂದರಲ್ಲಿ ಸೋಲುವ ಸಂಭವವಿತ್ತು. ಮೇಲಾಗಿ ಮೂಲ ಬರ್ನರಿನ ತಯಾರಿಕೆಯೇ ನಿಂತುಹೋಯಿತು. ಆದ್ದರಿಂದ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅದೇ ಕೇಂದ್ರದವರು ‘ಸೋನಿಕ್’ ಬರ್ನರನ್ನು ರೂಪಿಸಿದರು. ಇದರಲ್ಲಿ ಬೀಸಣಿಗೆಯಿಲ್ಲ, ಒತ್ತಿ ತುಂಬಿದ ಗಾಳಿ ಕಿರಿದಾದ ಗಂಟಲಿನ ಮೂಲಕ ಹಾಯುತ್ತದೆ. ಅಲ್ಲಿ ಅದರ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ, ಮುಂದಿನ ಸಣ್ಣಪುಟ್ಟ ಏರುಪೇರುಗಳು ಪ್ರವಾಹವನ್ನು ಕದಲಿಸಲಾರವು. ಹಿಂದಿನ ಒತ್ತಡವನ್ನೂ ಉಷ್ಣತೆಯನ್ನೂ ಹಿಡಿತದಲ್ಲಿಟ್ಟರೆ ಗಾಳಿಯ ಪ್ರಮಾಣವೂ ಹಿಡಿತದಲ್ಲಿರುತ್ತದೆ. ಯಾರು ಎಲ್ಲಿ ಉರಿಸಿದರೂ ಒಂದೇ ಬಗೆಯ ಉರಿ ದೊರೆಯಬೇಕೆಂಬುದೇ ಇದರ ಗುರಿ.

ಈ ಪರೀಕ್ಷೆಯ ಅರ್ಥವನ್ನು ಅತಿಯಾಗಿಯೂ ಹೇಳಬಾರದು. ಪದರವು ಕಾಲವನ್ನು ಕೊಡುತ್ತದೆ. ಬಾಗಿಲು ತೆರೆಯದಿದ್ದರೆ, ದೇಹ ಸಿಲುಕಿಕೊಂಡಿದ್ದರೆ, ಆ ಕಾಲ ವ್ಯರ್ಥ. ಇನ್ನೊಂದು ಮಾತನ್ನೂ ನೆನಪಿಡಬೇಕು: ಪರೀಕ್ಷೆಗೊಳಗಾಗುವುದು ನೊರೆ ಮಾತ್ರವಲ್ಲ, ನೊರೆ, ಪದರ, ಹೊದಿಕೆಯ ಬಟ್ಟೆ ಮೂರೂ ಕೂಡಿದ ಇಡೀ ಮೆತ್ತೆ. ಹರಿದ ಹೊದಿಕೆಗೆ ಬೇರೆ ಬಟ್ಟೆ ಹೊಲಿದರೆ ಅದು ಪರೀಕ್ಷೆಯಲ್ಲಿ ಗೆದ್ದ ಮೆತ್ತೆಯಾಗಿ ಉಳಿಯುವುದಿಲ್ಲ. ಆದುದರಿಂದ ಈ ಚರಿತ್ರೆ ಅಟ್ಲಾಂಟಿಕ್ ಸಿಟಿಯಲ್ಲಿಯೇ ಮುಗಿಯದೆ, ಆಸನಗಳ ದುರಸ್ತಿ ನಡೆಯುವ ಪ್ರತಿಯೊಂದು ಕಾರ್ಯಾಗಾರದಲ್ಲಿಯೂ ಮುಂದುವರಿಯುತ್ತಿದೆ.