ಒಂದು ವಿಭಕ್ತಿಯ ತಪ್ಪು: ಮೂರು ಹಂತದ ಇನ್ವರ್ಟರ್‌ನ ಚರಿತ್ರೆಗೆ ತಿದ್ದುಪಡಿ

ಜಪಾನಿನ ನಬಾಯೆ, ತಾಕಾಹಾಶಿ, ಅಕಾಗಿ ಅವರ 1981ರ ಲೇಖನದ ಶೀರ್ಷಿಕೆಯಲ್ಲಿರುವ ‘ನ್ಯೂಟ್ರಲ್ ಪಾಯಿಂಟ್ ಕ್ಲ್ಯಾಂಪ್ಡ್’ ಎಂಬುದನ್ನು ‘ನ್ಯೂಟ್ರಲ್ ಬಿಂದುವನ್ನು ಕಟ್ಟಿಹಾಕಿದ’ ಎಂದು ಬಿಡಿಸುವವರಿದ್ದಾರೆ. ಈ ದ್ವಿತೀಯಾ ವಿಭಕ್ತಿಯಿಂದ ಒಂದು ತಪ್ಪು ಚರಿತ್ರೆಯೇ ಹುಟ್ಟಿದೆ: ಮೊದಲು ಬಿಂದು ಭದ್ರವಾಗಿತ್ತು, ಕೆಪಾಸಿಟರ್ ವೋಲ್ಟೇಜಿನ ಅಸಮತೋಲ ಆಮೇಲೆ ಅಂಟಿಕೊಂಡ ಕಾಯಿಲೆ ಎಂದು.

ಸರ್ಕ್ಯೂಟನ್ನೇ ಕೇಳೋಣ. ಪ್ರತಿ ಫೇಸ್‌ಗೆ ಸಾಲಾಗಿ ನಾಲ್ಕು ಸ್ವಿಚ್, ಎರಡು ಡಯೋಡ್. ಇಡೀ ಡಿಸಿ ವೋಲ್ಟೇಜನ್ನು ಅರ್ಧರ್ಧ ಹಂಚಿಕೊಂಡ ಎರಡು ಕೆಪಾಸಿಟರ್, ಅವೆರಡೂ ಕೂಡುವಲ್ಲಿ ನ್ಯೂಟ್ರಲ್ ಬಿಂದು. ಆಫ್ ಆದ ಸ್ವಿಚ್ಚಿನ ಮೇಲೆ ಅರ್ಧಕ್ಕಿಂತ ಹೆಚ್ಚು ವೋಲ್ಟೇಜ್ ಬೀಳದಂತೆ ಡಯೋಡ್ ಅದನ್ನು ನ್ಯೂಟ್ರಲ್ ಬಿಂದುವಿಗೆ ಕಟ್ಟುತ್ತದೆ. (ಈ ಡಯೋಡಿನ ಕಲ್ಪನೆಯಲ್ಲಿ ಅಮೆರಿಕದ ರಿಚರ್ಡ್ ಬೇಕರ್ ಅವರ ಪೇಟೆಂಟ್‌ಗಳಿಗೂ ಪಾಲಿದೆ, ಅದನ್ನು ಬಿಟ್ಟು ಬರೆಯುವ ಚರಿತ್ರೆಯನ್ನು ನಾನು ಒಪ್ಪಲಾರೆ.) ಹಸುವನ್ನು ಗೂಟಕ್ಕೆ ಕಟ್ಟಿದ ಮಾತ್ರಕ್ಕೆ ಗೂಟ ನೆಲದಲ್ಲಿ ಗಟ್ಟಿಯಾಗಿ ಊರಿದೆ ಎಂದಾಗದು.

ಗೂಟ ಅಲುಗುವುದು ಎಲ್ಲಿ? ಮೂರು ಫೇಸ್‌ಗಳಿಗೆ ಒಟ್ಟು 27 ಸ್ವಿಚಿಂಗ್ ಸ್ಥಿತಿಗಳು, ಅವುಗಳಿಂದ 19 ವೆಕ್ಟರ್‌ಗಳು. ಆರು ಸಣ್ಣ ವೆಕ್ಟರ್‌ಗಳಿಗೆ ತಲಾ ಎರಡು ಸ್ಥಿತಿಗಳಿವೆ. ಒಂದು ಫೇಸ್ ಧನ ತುದಿಗೂ ಉಳಿದೆರಡು ನ್ಯೂಟ್ರಲ್‌ಗೂ ಸೇರಿದರೆ ಲೋಡಿಗೆ ಮೇಲಿನ ಕೆಪಾಸಿಟರ್ ಎದುರಾಗುತ್ತದೆ. ಅದೇ ಫೇಸ್ ನ್ಯೂಟ್ರಲ್‌ಗೂ ಉಳಿದೆರಡು ಋಣ ತುದಿಗೂ ಸೇರಿದರೆ ಕೆಳಗಿನದು. ಲೋಡಿಗೆ ಸಿಗುವ ವೋಲ್ಟೇಜ್ ಒಂದೇ, ನ್ಯೂಟ್ರಲ್‌ನ ಕರೆಂಟಿನ ದಿಕ್ಕು ಮಾತ್ರ ತಿರುಗುಮುರುಗು. ಈ ಜೋಡಿಯನ್ನು ನೋಡಿಯೇ ‘ಸಮತೋಲ ಸದಾ ಸಾಧ್ಯ’ ಎನ್ನುವವರು ಮಧ್ಯಮ ವೆಕ್ಟರ್‌ಗಳನ್ನು ಎಣಿಸುವುದೇ ಇಲ್ಲ. ಅಲ್ಲಿ ಒಂದು ಫೇಸ್ ಧನ ತುದಿಗೆ, ಒಂದು ನ್ಯೂಟ್ರಲ್‌ಗೆ, ಒಂದು ಋಣ ತುದಿಗೆ. ನಡುವಿನ ಫೇಸಿನ ಕರೆಂಟ್ ಪೂರ್ತಿ ನ್ಯೂಟ್ರಲ್ ಬಿಂದುವಿಗೇ ಹರಿಯುತ್ತದೆ. ಅದನ್ನು ಸರಿದೂಗಿಸಲು ಜೋಡಿ ಸ್ಥಿತಿಯಿಲ್ಲ. ಇಂಥ ವೆಕ್ಟರ್‌ಗಳು ಆರು. ಔಟ್‌ಪುಟ್ ವೋಲ್ಟೇಜ್ ಏರಿದಂತೆ ಸಣ್ಣ ವೆಕ್ಟರ್‌ಗಳಿಗೆ ಸಿಗುವ ಸಮಯ ಕುಗ್ಗುತ್ತದೆ. ಮಾಡ್ಯುಲೇಷನ್ ಹೆಚ್ಚಿದ್ದು ಪವರ್ ಫ್ಯಾಕ್ಟರ್ ಕಡಿಮೆಯಿದ್ದಾಗ, ಔಟ್‌ಪುಟ್ ಆವರ್ತನದ ಮೂರು ಪಟ್ಟಿನಲ್ಲಿ ನ್ಯೂಟ್ರಲ್ ಬಿಂದುವಿನಲ್ಲಿ ಏಳುವ ಏರಿಳಿತವನ್ನು ಸಣ್ಣ ವೆಕ್ಟರ್‌ಗಳ ಜೋಡಿ ಸ್ಥಿತಿಗಳಲ್ಲಿ ಆಯ್ಕೆ ಮಾಡುವ ವಿಧಾನದಿಂದ ಪೂರ್ತಿ ಅಳಿಸಲಾಗದೆಂದು ಸೆಲಾನೊವಿಚ್ ಮತ್ತು ಬೊರೊಯೆವಿಚ್ 2000ದಲ್ಲಿ ತೋರಿಸಿದರು. ಅವರ ಲೇಖನವನ್ನು ಬರಿಯ ‘ನಿಯಂತ್ರಣ ವಿಧಾನ’ಗಳ ಪಟ್ಟಿಗೆ ಸೇರಿಸುವುದು ಅನ್ಯಾಯ, ಅದು ಮೊದಲು ಒಂದು ಗಡಿರೇಖೆಯ ನಕ್ಷೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಗೋಪಕುಮಾರ್ ಅವರ ತಂಡ, ವೈಂಡಿಂಗಿನ ಎರಡೂ ತುದಿ ತೆರೆದ ಮೋಟಾರುಗಳಿಗೆ ಬಹುಹಂತದ ಇನ್ವರ್ಟರ್ ಕಟ್ಟುವಾಗ ಸ್ವಿಚಿಂಗ್ ಸ್ಥಿತಿಗಳ ಆಯ್ಕೆಯನ್ನೂ ಕೆಪಾಸಿಟರ್ ಸಮತೋಲವನ್ನೂ ಒಟ್ಟಿಗೇ ಕೈಗೆತ್ತಿಕೊಂಡಿತು. ನನ್ನ ಒಲವು ಆ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಸಮತೋಲದ ಪ್ರಶ್ನೆ ಸರ್ಕ್ಯೂಟಿನ ಜೊತೆಗೇ ಹುಟ್ಟಿದ್ದೆಂಬ ತಿಳಿವು ಅಲ್ಲಿದೆ.

ಇಂಗ್ಲಿಷಿನ ಸಮಾಸ ವಿಭಕ್ತಿಯನ್ನು ನುಂಗಿಕೊಂಡಿತು. ಕನ್ನಡಕ್ಕೆ ಆ ಸೌಕರ್ಯವಿಲ್ಲ, ಅದು ಒಂದನ್ನು ಆರಿಸಲೇಬೇಕು. ಆರಿಸಬೇಕಾದ್ದು ಚತುರ್ಥಿಯನ್ನು: ‘ನ್ಯೂಟ್ರಲ್ ಬಿಂದುವಿಗೆ ಕಟ್ಟಿದ ಇನ್ವರ್ಟರ್’.