ಛಾವಣಿ ಕಳೆದುಕೊಂಡ ಇಗರ್ಜಿ, ಕಡಲು ಕೊರೆಯುವ ಕಬರುಗಳು

ಮಸೀದಿಯಾಗಲಿ, ಮಂದಿರವಾಗಲಿ, ಇಗರ್ಜಿಯಾಗಲಿ, ಆರಾಧನೆ ನಿಂತುಹೋದ ಕಟ್ಟಡ ಬಹಳ ಕಾಲ ಬಾಳುವುದಿಲ್ಲ. ಮೊದಲು ಛಾವಣಿ ಬೀಳುತ್ತದೆ, ಆಮೇಲೆ ಗೋಡೆಯ ಕಲ್ಲುಗಳು ಒಂದೊಂದಾಗಿ ಸಡಿಲುತ್ತವೆ. ಆದರೆ ಅದರ ಮಗ್ಗುಲಲ್ಲಿ ಕಬರುಗಳಿದ್ದರೆ ಆ ಜಾಗವನ್ನು ಜನ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತಮ್ಮ ಅಜ್ಜ ಮಲಗಿದ ಮಣ್ಣಿನಲ್ಲೇ ತಾವೂ ಮಲಗಬೇಕೆಂಬ ಆಸೆ ಎಲ್ಲ ಧರ್ಮದವರಲ್ಲೂ ಇದೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿರುವ ಒಂದು ಪಾಳು ಇಗರ್ಜಿಯ ಕಥೆ ಇದನ್ನೇ ಹೇಳುತ್ತದೆ. ಆ ಕಥೆಯ ಒಂದು ಎಳೆ ನಮ್ಮ ಶ್ರೀರಂಗಪಟ್ಟಣದವರೆಗೂ ಬಂದು ಮುಟ್ಟುವುದು ವಿಶೇಷ.

ಲೂಯಿಸ್ ಇರುವುದು ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಸಾಗರದ ಗಾಳಿಗೆ ಮೈಯೊಡ್ಡಿ ನಿಂತ ದ್ವೀಪಗಳ ಸಾಲಿನಲ್ಲಿ. ಅಲ್ಲಿನ ಮುಖ್ಯ ಪಟ್ಟಣ ಸ್ಟೋರ್ನೊವೇ. ಪಟ್ಟಣದಿಂದ ಪೂರ್ವಕ್ಕೆ ಕೆಲವೇ ಮೈಲಿ ಹೋದರೆ ನೆಲ ಇದ್ದಕ್ಕಿದ್ದಂತೆ ಕಿರಿದಾಗಿ, ಎರಡೂ ಕಡೆ ಸಮುದ್ರವಿರುವ ಒಂದು ಸಣ್ಣ ಪಟ್ಟಿಯಷ್ಟೇ ಉಳಿಯುತ್ತದೆ. ಅದರಾಚೆ ಪಾಯಿಂಟ್ ಎಂಬ ಪರ್ಯಾಯ ದ್ವೀಪ. ಈ ಭೂಸಂಧಿಯ ತುದಿಯಲ್ಲಿ, ಏಗ್ನಿಶ್ ಎಂಬ ಹಳ್ಳಿಯಲ್ಲಿ, ಕಡಲಿಗೆ ತಾಗಿಕೊಂಡೇ ನಿಂತಿದೆ ಊಯಿ ಇಗರ್ಜಿ. 'ಊಯಿ' ಎಂಬ ಗೇಲಿಕ್ ಹೆಸರಿನ ಮೂಲ ಭೂಸಂಧಿ ಎಂಬ ಅರ್ಥದ ಹಳೆಯ ನಾರ್ವೆ ಭಾಷೆಯ ಪದ. ಹೆಸರೇ ದ್ವೀಪದ ಚರಿತ್ರೆಯನ್ನು ಹೇಳುತ್ತದೆ. 1266ರ ಒಪ್ಪಂದದವರೆಗೂ ಈ ದ್ವೀಪಗಳು ನಾರ್ವೆಯ ದೊರೆಗೆ ಸೇರಿದ್ದವು.

ಇಗರ್ಜಿ ಸಂತ ಕೊಲಂಬನ ಹೆಸರಿನಲ್ಲಿದೆ. ಅದಕ್ಕೂ ಮೊದಲು ಸಂತ ಕಾಟನ್ ಎಂಬ ಸಾಧಕ ಇಲ್ಲಿ ಗುಡಿಸಲು ಕಟ್ಟಿಕೊಂಡು ಧ್ಯಾನಸ್ಥನಾಗಿದ್ದನೆಂದು ಸ್ಥಳೀಯರ ನಂಬಿಕೆ. ಈಗ ಕಾಣುವ ಗೋಡೆಗಳ ಹಳೆಯ ಭಾಗ 14ನೇ ಶತಮಾನದ್ದೆಂದು ತಿಳಿದವರು ಹೇಳುತ್ತಾರೆ. ಪಶ್ಚಿಮದ ಭಾಗ ಆಮೇಲೆ ಸೇರಿಸಿದ್ದು. ಉದ್ದನೆಯ, ಕಿರಿದಾದ, ಅಲಂಕಾರವಿಲ್ಲದ ಕಟ್ಟಡ ಅದು. ಗೋಪುರವಿಲ್ಲ, ಬಣ್ಣದ ಗಾಜಿಲ್ಲ. ಸ್ಥಳೀಯ ಒರಟು ಕಲ್ಲನ್ನು ಗಾರೆಯಲ್ಲಿ ಕೂರಿಸಿ ಕಟ್ಟಿದ ಗೋಡೆಗಳು ಶತಮಾನಗಳ ಉಪ್ಪುಗಾಳಿಯನ್ನು ತಡೆದುಕೊಂಡು ನಿಂತಿವೆ.

ಕಲ್ಲಿನಲ್ಲಿ ಉಳಿದವರು

ಲೂಯಿಸ್‌ನ ಒಡೆಯರಾಗಿದ್ದವರು ಮ್ಯಾಕ್ಲೌಡ್ ಕುಲದವರು. ನಾರ್ವೆ ಮೂಲದ ರಕ್ತವೂ ಗೇಲಿಕ್ ಭಾಷೆಯೂ ಬೆರೆತ ಮನೆತನ. ಈ ಕುಲದ 19 ಮುಖ್ಯಸ್ಥರು ಊಯಿ ಇಗರ್ಜಿಯಲ್ಲಿ ದಫನಾಗಿದ್ದಾರೆ ಎಂಬ ಪ್ರತೀತಿ ಇದೆ. ಅವರ ಪೈಕಿ ಗುರುತು ಉಳಿಸಿಕೊಂಡವರು ತೀರ ಕಡಿಮೆ. ಒಳಗೋಡೆಗೆ ನಿಲ್ಲಿಸಿರುವ ಒಂದು ಹಾಸುಗಲ್ಲಿನ ಮೇಲೆ ಯೋಧನೊಬ್ಬನ ಆಳೆತ್ತರದ ಕೆತ್ತನೆ ಇದೆ. ತಲೆಗೆ ಚೂಪಾದ ಶಿರಸ್ತ್ರಾಣ, ಮೈಗೆ ಹೊಲಿಗೆ ಹಾಕಿದ ದಪ್ಪ ಯುದ್ಧದಂಗಿ. ಅವನು ರೋಡರಿಕ್ ಮ್ಯಾಕ್ಲೌಡ್ ಎಂದು ಹೇಳುತ್ತಾರೆ. ಮುಖವನ್ನು ಮಳೆಗಾಳಿ ಸವೆಸಿಬಿಟ್ಟಿದೆ.

ಇನ್ನೊಂದು ಕಲ್ಲು ಒಬ್ಬ ಹೆಣ್ಣುಮಗಳದು. ಎಲೆಬಳ್ಳಿಗಳ ಕೆತ್ತನೆಯ ಅಂಚಿನಲ್ಲಿ ಲ್ಯಾಟಿನ್ ಬರಹವಿದೆ. ಆಕೆ ಲೂಯಿಸ್‌ನ ರೋಡರಿಕ್ ಮ್ಯಾಕ್ಲೌಡನ ಮಗಳು ಮಾರ್ಗರೆಟ್, ಲಾಕ್ಲನ್ ಮ್ಯಾಕಿನ್ನನ್ ಎಂಬವನ ವಿಧವೆ, 1503ರಲ್ಲಿ ತೀರಿಕೊಂಡವಳು. ಆಕೆಯ ಮಗ ಜಾನ್, ಪ್ರಸಿದ್ಧವಾದ ಅಯೋನಾ ಮಠದ ಕೊನೆಯ ಮಠಾಧಿಪತಿಯಾಗಿದ್ದ. ಗಂಡಸರ ಕುಲ, ಗಂಡಸರ ಯುದ್ಧ ಎಂದೇ ತುಂಬಿಹೋಗಿರುವ ಈ ದ್ವೀಪಗಳ ಚರಿತ್ರೆಯಲ್ಲಿ ಹೆಸರು, ಇಸವಿ ಎರಡನ್ನೂ ಉಳಿಸಿಕೊಂಡ ಹೆಣ್ಣು ಅಪರೂಪ. ಅವಳನ್ನೂ ತಂದೆಯ ಮಗಳು, ಗಂಡನ ವಿಧವೆ ಎಂದೇ ಕಲ್ಲು ಪರಿಚಯಿಸುತ್ತದೆ. ಆದರೂ ಅವಳಿದ್ದಳೆಂಬುದು ನಮಗೆ ತಿಳಿದಿರುವುದು ಆ ಕಲ್ಲಿನಿಂದ.

ಇಗರ್ಜಿಯ ಹೊರಗೆ ಇನ್ನೊಂದು ಲೋಕವಿದೆ. ಬಡ ಬೆಸ್ತರ, ರೈತರ ಕಬರುಗಳಿಗೆ ಕೆತ್ತನೆ ಇಲ್ಲ, ಬರಹವಿಲ್ಲ. ತಲೆಯ ಕಡೆ, ಕಾಲ ಕಡೆ ನೆಟ್ಟ ಸಣ್ಣ ಒರಟು ಕಲ್ಲುಗಳಷ್ಟೇ. ನಮ್ಮ ಕರಾವಳಿಯ ಹಳೆಯ ಖಬರಸ್ತಾನಗಳ ಮೀಸಾನು ಕಲ್ಲುಗಳನ್ನು ನೋಡಿದವರಿಗೆ ಇದು ಅಪರಿಚಿತವೆನಿಸದು. ಅಲ್ಲಿ ಅದು ಬಡತನದ ಗುರುತು, ನಮ್ಮಲ್ಲಿ ಸರಳತೆಯ ಆದರ್ಶ. ಮಣ್ಣಿಗೆ ಮಾತ್ರ ಎರಡೂ ಒಂದೇ.

1560ರಲ್ಲಿ ಸ್ಕಾಟ್ಲೆಂಡ್ ಕ್ಯಾಥೊಲಿಕ್ ಸಭೆಯಿಂದ ಬೇರ್ಪಟ್ಟು ಪ್ರೊಟೆಸ್ಟೆಂಟ್ ಆಯಿತು. ಸತ್ತವರಿಗಾಗಿ ನಡೆಯುತ್ತಿದ್ದ ಪೂಜೆ, ಸಂತರ ಮೂರ್ತಿಗಳು, ಇಗರ್ಜಿಯೊಳಗಿನ ಸಮಾಧಿಗಳು ಎಲ್ಲವನ್ನೂ ಹೊಸ ಸಭೆ ವಿರೋಧಿಸಿತು. ದೇವರ ಮನೆ ದೊಡ್ಡವರ ಸಮಾಧಿಯಾಗಬಾರದು ಎಂಬ ಅವರ ವಾದ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಒಡೆಯರು ಅಷ್ಟು ಬೇಗ ಬಿಡಲಿಲ್ಲ. 1610ರಲ್ಲಿ ಲೂಯಿಸ್ ಮ್ಯಾಕ್ಲೌಡರ ಕೈತಪ್ಪಿ ಮೆಕೆಂಜಿ ಕುಲಕ್ಕೆ ಸೇರಿತು. ಈ ಕುಲದ ಮುಖ್ಯಸ್ಥರು ಸೀಫೋರ್ತಿನ ಅರ್ಲ್ ಎಂಬ ಬಿರುದು ಪಡೆದರು. 1715ರಲ್ಲಿ ಲಂಡನ್ನಿನ ಅರಸೊತ್ತಿಗೆಯ ವಿರುದ್ಧ ದಂಗೆಯೆದ್ದು ಆಸ್ತಿ, ಬಿರುದು ಕಳೆದುಕೊಂಡ ಐದನೇ ಅರ್ಲ್ ವಿಲಿಯಂ, 1740ರಲ್ಲಿ ಸತ್ತಾಗ ಅವನನ್ನೂ ಊಯಿಯಲ್ಲೇ ಮಣ್ಣು ಮಾಡಲಾಯಿತು. ಆಳುವ ಮನೆತನ ಬದಲಾಗಿತ್ತು, ಸಭೆ ಬದಲಾಗಿತ್ತು, ಕಬರಿನ ಜಾಗ ಮಾತ್ರ ಬದಲಾಗಲಿಲ್ಲ.

ಮೈಸೂರಿಗೆ ಬಂದ ದ್ವೀಪದವರು

ಈ ವಿಲಿಯಮನ ಮೊಮ್ಮಗ ಕೆನೆತ್, 1778ರಲ್ಲಿ ತನ್ನ ಸೀಮೆಯ ಬಡವರನ್ನು ಸೇರಿಸಿ ಒಂದು ಪಡೆ ಕಟ್ಟಿದ. ಅಜ್ಜ ದಂಗೆಯೆದ್ದು ಕಳೆದುಕೊಂಡ ವಿಶ್ವಾಸವನ್ನು ಮೊಮ್ಮಗ ಸೈನಿಕರನ್ನು ಕೊಟ್ಟು ಗಳಿಸಿಕೊಂಡ. ಹೈದರಾಲಿಯೊಡನೆ ಯುದ್ಧ ನಡೆಯುತ್ತಿದ್ದ ಕಾಲ. ಪಡೆಯನ್ನು ಭಾರತಕ್ಕೆ ಕಳುಹಿಸಲಾಯಿತು. ದಾರಿಯಲ್ಲೇ, 1781ರಲ್ಲಿ, ಕೆನೆತ್ ಸತ್ತ. ಪಡೆ 1782ರಲ್ಲಿ ಮದರಾಸು ತಲುಪಿತು. 72ನೇ ಪಡೆ ಎಂಬ ಹೊಸ ಸಂಖ್ಯೆಯೊಂದಿಗೆ 1792ರಲ್ಲಿ ಅದು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇತ್ತು. ಹೀಗೆ ಒಡೆಯನ ಬಾಕಿಗಾಗಿ ಮನೆ ಬಿಟ್ಟು ಬಂದ ಬಡ ಗೇಲಿಕ್ ಹುಡುಗರು, ತಮಗೆ ಯಾವ ದ್ವೇಷವೂ ಇಲ್ಲದ ಟಿಪ್ಪುವಿನ ಸೈನಿಕರ ಎದುರು ನಿಂತರು. ಸತ್ತವರು ಇಲ್ಲಿಯೇ ಮಣ್ಣಾದರು. ಅವರ ತಾಯಂದಿರಿಗೆ ಹೋಗಿ ಅಳಲು ಒಂದು ಕಲ್ಲೂ ಇರಲಿಲ್ಲ.

ಸ್ಟೋರ್ನೊವೇಯಲ್ಲಿ ಸುಂಕದ ಅಧಿಕಾರಿಯಾಗಿದ್ದ ಕಾಲಿನ್ ಮೆಕೆಂಜಿ ಎಂಬಾತ 1783ರಲ್ಲಿ ಕಂಪೆನಿಯ ಸೇನೆ ಸೇರಿ ಮದರಾಸಿಗೆ ಬಂದ. ಕರ್ನಾಟಕದ ಚರಿತ್ರೆ ಓದಿದವರಿಗೆ ಈ ಹೆಸರು ಗೊತ್ತು. 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿ ಅವನೂ ಇದ್ದ. ಟಿಪ್ಪು ಹುತಾತ್ಮನಾದ ಮೇಲೆ ಮೈಸೂರು ಸೀಮೆಯ ಸರ್ವೇಕ್ಷಣೆಯ ಹೊಣೆ ಅವನಿಗೆ ಬಂತು. ಗೆದ್ದ ನೆಲವನ್ನು ಅಳೆಯುವುದು ಕಂಪೆನಿಯ ಉದ್ದೇಶ. ಆದರೆ ಅವನು ಅಳತೆಯಲ್ಲಿಗೇ ನಿಲ್ಲಲಿಲ್ಲ. ಕಾವಲಿ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಮೊದಲಾದವರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನು, ಹಸ್ತಪ್ರತಿಗಳನ್ನು ಸಂಗ್ರಹಿಸಿದ, 8,000ಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರಲ್ಲಿ ಕಲ್ಕತ್ತದಲ್ಲಿ ತೀರಿಕೊಂಡು ಅಲ್ಲಿನ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಮಣ್ಣಾದ. ನಮ್ಮ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲುಗಳ ನಾಡಿನಲ್ಲಿ ಕಲ್ಲಿನ ಮಾತು ಕೇಳಿಸಿಕೊಂಡವನು ತನ್ನ ದ್ವೀಪಕ್ಕೆ ಮರಳಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಹೈದರ್, ಟಿಪ್ಪು ಮಲಗಿರುವ ಗುಂಬಜ್‌ನ ಆವರಣದಲ್ಲಿ ಕರ್ನಲ್ ವಿಲಿಯಂ ಬೇಯ್ಲಿಯ ಸ್ಮಾರಕ ಈಗಲೂ ಇದೆ. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೋತು ಸೆರೆಸಿಕ್ಕ ಈ ಸ್ಕಾಟಿಷ್ ಅಧಿಕಾರಿ 1782ರಲ್ಲಿ ಸೆರೆಯಲ್ಲೇ ಸತ್ತ. ಅವನ ಬಂಧು 1816ರಲ್ಲಿ ಈ ಸ್ಮಾರಕ ಕಟ್ಟಿಸಿದ. ಗುಂಬಜ್‌ಗೆ ಬರುವ ಸಾವಿರಾರು ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಶತ್ರುವಿನ ನೆನಪಿನ ಕಲ್ಲು ಎರಡು ಶತಮಾನಗಳಿಂದ ಸುಲ್ತಾನನ ನೆರೆಯಲ್ಲಿ ನಿಂತಿರುವುದು ಸಣ್ಣ ಸಂಗತಿಯಲ್ಲ.

ಬದುಕಿದ್ದವರಿಗೆ ನೆಲವಿರಲಿಲ್ಲ

19ನೇ ಶತಮಾನದಲ್ಲಿ ಊಯಿಯಲ್ಲಿ ಆರಾಧನೆ ನಿಂತಿತು. ಛಾವಣಿ ಹೋಯಿತು. ದಫನು ಮಾತ್ರ ನಡೆಯುತ್ತಲೇ ಇತ್ತು. ಇದೇ ಹೊತ್ತಿಗೆ ಬದುಕಿದ್ದವರಿಗೆ ನೆಲ ಇಲ್ಲದಂತಾಗಿತ್ತು. 1844ರಲ್ಲಿ ಲೂಯಿಸ್ ದ್ವೀಪವನ್ನು ಇಡಿಯಾಗಿ ಕೊಂಡವನು ಜೇಮ್ಸ್ ಮ್ಯಾಥೆಸನ್. ಅವನ ಹಣ ಬಂದದ್ದು ಚೀನಾಕ್ಕೆ ಅಫೀಮು ಮಾರಿ. ಆ ಅಫೀಮು ಬೆಳೆದದ್ದು ನಮ್ಮ ದೇಶದ ಹೊಲಗಳಲ್ಲಿ. ಏಗ್ನಿಶ್‌ನ ಜಮೀನು ಆಗ ಒಂದೇ ದೊಡ್ಡ ಫಾರ್ಮ್ ಆಗಿತ್ತು. ಸುತ್ತಲಿನ ಹಳ್ಳಿಗಳಲ್ಲಿ ತುಂಡು ನೆಲವೂ ಇಲ್ಲದ ಕುಟುಂಬಗಳು ಹಸಿದಿದ್ದವು. 1886ರ ಕಾಯ್ದೆ ಗೇಣಿದಾರರಿಗೆ ಭದ್ರತೆ ಕೊಟ್ಟಿತಾದರೂ ನೆಲವೇ ಇಲ್ಲದವರಿಗೆ ನೆಲ ಕೊಡಲಿಲ್ಲ.

1888ರ ಜನವರಿಯಲ್ಲಿ ನೂರಾರು ಜನ ಏಗ್ನಿಶ್ ಫಾರ್ಮಿಗೆ ನುಗ್ಗಿ ಅಲ್ಲಿನ ದನಕರುಗಳನ್ನು ಹೊರಗಟ್ಟಲು ನೋಡಿದರು. ಸರಕಾರ ಸೈನಿಕರನ್ನು ಕಳುಹಿಸಿತು. ಬಂಧಿತರನ್ನು ಎಡಿನ್‌ಬರೋಗೆ ಒಯ್ದು ವಿಚಾರಣೆ ನಡೆಸಿ ಜೈಲಿಗೆ ಹಾಕಲಾಯಿತು. ಇದು ನಡೆದದ್ದು ಊಯಿ ಇಗರ್ಜಿಯ ಆಸುಪಾಸಿನಲ್ಲೇ. ಸತ್ತ ಮೇಲೆ ಆರಡಿ ನೆಲಕ್ಕೆ ಹಕ್ಕಿದ್ದವರು ಬದುಕಿದ್ದಾಗ ಆಲೂಗೆಡ್ಡೆ ನೆಡಲು ನೆಲ ಕೇಳಿದ್ದು ಅಪರಾಧವಾಯಿತು. 20ನೇ ಶತಮಾನದ ಆರಂಭದಲ್ಲಿ ಕೊನೆಗೂ ಆ ಫಾರ್ಮನ್ನು ಹಂಚಿಕೊಡಲಾಯಿತು. ಆ ಹೋರಾಟಗಾರರ ನೆನಪಿಗೆ ಏಗ್ನಿಶ್‌ನಲ್ಲಿ ಈಗ ಕಲ್ಲಿನ ಸ್ಮಾರಕವೊಂದಿದೆ. ಇಗರ್ಜಿಯೊಳಗಿನ ಯೋಧನ ಕಲ್ಲಿಗೆ ಬಡವರು ಕೊಟ್ಟ ಉತ್ತರದಂತೆ ಅದು ಕಾಣುತ್ತದೆ.

ಈಗ ಊಯಿಯ ಶತ್ರು ಸಮುದ್ರ. ಈ ದ್ವೀಪಗಳಲ್ಲಿ ಒಳನಾಡೆಂದರೆ ಜೌಗು, ಇಲ್ಲವೇ ಬಂಡೆ. ಗುಂಡಿ ತೋಡಲು ಸುಲಭವಾದ ಮರಳು ನೆಲ ಇರುವುದು ದಂಡೆಯಲ್ಲಿ. ಆದ್ದರಿಂದಲೇ ಹಳೆಯ ಸ್ಮಶಾನಗಳೆಲ್ಲ ಕಡಲಿನ ಹತ್ತಿರ. ಅದೇ ಮರಳನ್ನು ಅಲೆ ಕೊರೆಯುತ್ತದೆ. ಹಿಂದೆ ಬಿರುಗಾಳಿಯ ನಂತರ ದಂಡೆ ಕುಸಿದು ಮೂಳೆಗಳು ಹೊರಬಂದದ್ದುಂಟು. ಅದಕ್ಕಾಗಿ ತಡೆಗೋಡೆ ಕಟ್ಟಬೇಕಾಯಿತು. ಸ್ಥಳೀಯರು ಸೇರಿ ಒಂದು ಟ್ರಸ್ಟ್ ಮಾಡಿಕೊಂಡು, ಹಣ ಕೂಡಿಸಿ, ಈ ಶತಮಾನದಲ್ಲಿ ಗೋಡೆಗಳನ್ನು ಭದ್ರಪಡಿಸಿದ್ದಾರೆ. ಛಾವಣಿ ಹಾಕಿ ಹೊಸದರಂತೆ ಮಾಡಲು ಹೋಗಿಲ್ಲ. ಇದ್ದದ್ದು ಬೀಳದಂತೆ ನೋಡಿಕೊಂಡಿದ್ದಾರೆ, ಅಷ್ಟೆ.

ಇದರಲ್ಲಿ ಒಂದು ಮಾತು ಗಮನಿಸಬೇಕು. ಈ ಟ್ರಸ್ಟಿನ ಜನರ ಧರ್ಮಶ್ರದ್ಧೆಗೂ ಆ ಇಗರ್ಜಿ ಕಟ್ಟಿದವರ ಶ್ರದ್ಧೆಗೂ ದೊಡ್ಡ ಅಂತರವಿದೆ. ಲೂಯಿಸ್ ಇಂದು ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ದ್ವೀಪ. ಸಂತರ ಪೂಜೆಯನ್ನು ಅವರು ಒಪ್ಪುವುದಿಲ್ಲ, ಸತ್ತವರಿಗಾಗಿ ಮಧ್ಯಸ್ಥಿಕೆಯನ್ನೂ ಒಪ್ಪುವುದಿಲ್ಲ. ಆದರೂ ಕೊಲಂಬನ ಹೆಸರಿನ ಕ್ಯಾಥೊಲಿಕ್ ಇಗರ್ಜಿಯನ್ನು ಅವರು ತಮ್ಮದೆಂದು ಕಾಯುತ್ತಿದ್ದಾರೆ. ಒಪ್ಪದ ನಂಬಿಕೆಯವರ ಕಬರನ್ನೂ ಗೌರವಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಒಬ್ಬ ಯಹೂದಿಯ ಶವಯಾತ್ರೆ ಹಾದುಹೋದಾಗ ಪ್ರವಾದಿವರ್ಯರು(ಸ) ಎದ್ದು ನಿಂತದ್ದನ್ನು, ಸಂಗಾತಿಗಳು ಪ್ರಶ್ನಿಸಿದಾಗ ಅದೂ ಒಂದು ಮಾನವ ಜೀವವಲ್ಲವೇ ಎಂದು ತಿಳಿಹೇಳಿದ್ದನ್ನು ನಾವು ಕೇಳುತ್ತಲೇ ಬೆಳೆದಿದ್ದೇವೆ.

ನಮ್ಮ ಊರುಗಳಲ್ಲೂ ವಾರಸುದಾರರಿಲ್ಲದ ಖಬರಸ್ತಾನಗಳಿವೆ, ಪೊದೆ ಬೆಳೆದ ಕ್ರೈಸ್ತ ಸ್ಮಶಾನಗಳಿವೆ, ಹೊಲದ ಬದುವಿನಲ್ಲಿ ಮಗುಚಿಬಿದ್ದ ವೀರಗಲ್ಲುಗಳಿವೆ. ನಮ್ಮವರದನ್ನು ಮಾತ್ರ ನಾವು ಕಾಯುತ್ತೇವೆ. ಕೆಲವೊಮ್ಮೆ ಅದನ್ನೂ ಕಾಯುವುದಿಲ್ಲ. ಮಣ್ಣಾದವರು ತಮ್ಮ ಜಾಗಕ್ಕಾಗಿ ಅರ್ಜಿ ಬರೆಯಲಾರರು, ಕೋರ್ಟಿಗೆ ಹೋಗಲಾರರು. ಅವರ ಪರವಾಗಿ ಮಾತಾಡಬೇಕಾದವರು ಬದುಕಿರುವವರು. ಒಂದು ಭಾನುವಾರ ಹತ್ತು ಜನ ಸೇರಿ ಕತ್ತಿ ಹಿಡಿದು ಪೊದೆ ಸವರಿದರೆ, ಅಳಿಸುತ್ತಿರುವ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಅದು ಚರಿತ್ರೆಯ ಕೆಲಸವೂ ಹೌದು, ಪುಣ್ಯದ ಕೆಲಸವೂ ಹೌದು.